ನಾಲ್ಕನೇ ತರಗತಿಯ ಜಾರು ಪುಸ್ತಕ

ನಮ್ಮ ಊರಲ್ಲಿ ಕೈಜಾರಿದ್ದು ಕೆಳಗೆ ಬೀಳಬೇಕಾದರೆ ಪಕ್ಕದವರು ಯಾರಾದರೂ ನೋಡಿ "ಬಿತ್ತು" ಅನ್ನಬೇಕು. ಅಲ್ಲಿಯವರೆಗೆ ಲೋಟವಾಗಲಿ, ಸೌಟಾಗಲಿ, ಕೈ ಬಿಟ್ಟ ಎತ್ತರದಲ್ಲೇ ನಿಂತಿರುತ್ತದೆ. ಎಳೆದರೆ ಬರುವುದಿಲ್ಲ, ಜೋತುಬಿದ್ದರೂ ಅಲ್ಲಾಡುವುದಿಲ್ಲ. ಬೇಕೆಂದೇ ಬಿಟ್ಟದ್ದು, ಸಿಟ್ಟಿನಲ್ಲಿ ಎಸೆದದ್ದು ಎಲ್ಲ ಊರುಗಳಲ್ಲಿ ಬೀಳುವ ಹಾಗೆಯೇ ಬೀಳುತ್ತದೆ. ಜಾರಿದ್ದಕ್ಕೆ ಮಾತ್ರ ಈ ಮರ್ಯಾದೆ. ಹಾಗಾಗಿ ನಮ್ಮಲ್ಲಿ ಒಂಟಿಯಾಗಿ ಮನೆ ಮಾಡಿಕೊಂಡಿರುವವರು ಕಡಿಮೆ. ನನ್ನಂಥ ಒಂಟಿ ಹೆಂಗಸು ಕಿಟಕಿ ತೆಗೆದು "ನಂಜೂ, ಒಂದ್ ಗಳಿಗೆ ಬಂದು ಬಿತ್ತು ಅಂದು ಹೋಗೇ" ಎಂದು ಕೂಗಬೇಕು. ಪಕ್ಕದ ಮನೆಯ ನಂಜಿ ಬರುತ್ತಾಳೆ, ಬಿತ್ತು ಅನ್ನುತ್ತಾಳೆ, ಬಂದದ್ದಕ್ಕೆ ಒಂದು ಲೋಟ ಕಾಫಿ ಕುಡಿದು ಅರ್ಧ ಗಂಟೆ ಮಾತಾಡಿ ಹೋಗುತ್ತಾಳೆ. ಓರಗಿತ್ತಿಯರು ಜಗಳವಾಡಿದರೆ ಮೊದಲು ನಿಲ್ಲಿಸುವುದು ಇದನ್ನೇ. ಅಂಥ ಮನೆಯ ಅಡುಗೆಮನೆಗೆ ನೀವು ತಲೆ ಬಗ್ಗಿಸಿಕೊಂಡೇ ಹೋಗಬೇಕು, ಅಲ್ಲಲ್ಲಿ ಚಮಚ, ಮುಚ್ಚಳ, ತುರಿಯುವ ಮಣೆ ನಿಂತಿರುತ್ತವೆ. ಹಾಗೆ ನಿಂತದ್ದು ಆರುವುದಿಲ್ಲ, ಹಳಸುವುದಿಲ್ಲ. ಅದೊಂದು ಅನುಕೂಲ.

ನಾನು ಈ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹೆಸರು ದೊಡ್ಡತಾಯಮ್ಮ, ಎಲ್ಲರಿಗೂ ತಾಯಕ್ಕ. ಶಾಲೆಗೆ ಹೋಗಿ ಓದಿದವಳಲ್ಲ. ಅಡುಗೆಮನೆಗೂ ಒಂದನೇ ತರಗತಿಗೂ ನಡುವೆ ಒಂದು ಕಿಟಕಿ ಇದೆ, ಅಕ್ಕಿ ಆರಿಸುತ್ತಾ ಅದರೊಳಗಿಂದ ಅಕ್ಷರ ಕಲಿತೆ. ಅನ್ನದಲ್ಲಿ ಕಲ್ಲು ಸಿಕ್ಕ ದಿನ ಮಕ್ಕಳು "ಇವತ್ತು ಅಕ್ಕ ಒತ್ತಕ್ಷರ ಕಲೀತಿದ್ರು" ಅನ್ನುತ್ತಿದ್ದವು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಈಗ ನಾಲ್ಕನೇ ತರಗತಿಯವರೆಗಿನ ವಿಜ್ಞಾನ ನನಗೆ ಬಾಯಿಪಾಠ, ಅರ್ಥ ಮಾತ್ರ ಅಷ್ಟಾಗಿ ಆಗಿರಲಿಲ್ಲ. ಆಗಿರಲಿಲ್ಲ ಅಂತ ಗೊತ್ತಾದದ್ದೂ ನಮ್ಮ ಶಾಲೆಗೆ ಟೀಚರುಗಳ ಆ ತರಬೇತಿ ಬಂದಮೇಲೆಯೇ.

ತರಬೇತಿಗೆ ಮುಂಚೆ ಟಿಫಿನ್ ಬಾಕ್ಸಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಹೆಡ್ ಮೇಷ್ಟ್ರು ಮರುಳಪ್ಪನವರು ಬಹಳ ಶಿಸ್ತಿನವರು. ಮೂವತ್ತು ವರ್ಷದಲ್ಲಿ ಒಂದು ಸೀಮೆಸುಣ್ಣವೂ ತಮ್ಮ ಕೈಜಾರಿಲ್ಲ ಅಂತ ವರ್ಷಕ್ಕೆರಡು ಸಲ, ಆಗಸ್ಟಿನಲ್ಲಿ ಒಮ್ಮೆ ಜನವರಿಯಲ್ಲಿ ಒಮ್ಮೆ, ಧ್ವಜ ಹಾರಿಸಿದ ಮೇಲೆ ಭಾಷಣದಲ್ಲಿ ಹೇಳುವವರು. ಮೂರು ವರ್ಷದ ಹಿಂದೆ ಒಂದು ಸೋಮವಾರ ಅವರು ನಾಲ್ಕನೇ ತರಗತಿಯ ಒಳಗಿಂದ ಹಾದು ಆಫೀಸಿಗೆ ಹೋಗುತ್ತಿದ್ದರು. ಮಕ್ಕಳು ಸುತ್ತಲೂ ನುಗ್ಗುತ್ತಿದ್ದುದರಿಂದ ಟಿಫಿನ್ ಬಾಕ್ಸನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಬೋರ್ಡಿನ ಮುಂದೆ ಬರುವ ಹೊತ್ತಿಗೆ ಅದು ಜಾರಿತು, ಅಲ್ಲೇ ನಿಂತಿತು. ನಲವತ್ತು ಮಕ್ಕಳೂ ಒಟ್ಟಿಗೆ "ಬಿತ್ತು" ಅಂದರು. ಬೀಳಲಿಲ್ಲ.

"ಇದು ನನ್ನ ಕೈಜಾರಿದ್ದಲ್ಲ," ಅಂದರು ಮೇಷ್ಟ್ರು. "ಇಂದ್ರಾಣಿ ಟೀಚರ್ ದಢಾರ್ ಅಂತ ಬಾಗಿಲು ತೆಗೆದ್ರು, ಮೊಣಕೈಗೆ ಬಡೀತು."

ಇಂದ್ರಾಣಿ ಟೀಚರ್ ನಾಲ್ಕನೇ ತರಗತಿಯ ಟೀಚರ್. "ನಾನು ಆಗ ಬೋರ್ಡ್ ಒರೆಸ್ತಿದ್ದೆ ಸರ್," ಅಂದರು. ಅಷ್ಟೇ ಅಂದದ್ದು. ಅವತ್ತಿನಿಂದ ಮೇಷ್ಟ್ರು ಅವರ ಹತ್ತಿರ ನೇರವಾಗಿ ಮಾತು ಬಿಟ್ಟರು. ಏನಿದ್ದರೂ ನನ್ನ ಮೂಲಕ. ಟೀಚರ್ ಎರಡು ಮಾರು ದೂರದಲ್ಲಿ ನಿಂತಿರುತ್ತಾರೆ, ಮೇಷ್ಟ್ರು ನನ್ನ ಕಡೆ ತಿರುಗಿ "ತಾಯಕ್ಕ, ನಾಲ್ಕನೇ ತರಗತಿ ಟೀಚರಿಗೆ ಹೇಳು, ಹಾಜರಿ ಪುಸ್ತಕ ಕಳಿಸಲಿ" ಅನ್ನುತ್ತಾರೆ. ನಾನು ಒಗ್ಗರಣೆ ಬಿಟ್ಟು ಬಂದು ಟೀಚರ್ ಕಡೆ ತಿರುಗಿ "ಕೇಳಿಸ್ತಾ?" ಅನ್ನುತ್ತೇನೆ. ಅವರು "ಕೇಳಿಸ್ತು" ಅನ್ನುತ್ತಾರೆ. ಇದು ಮೂರು ವರ್ಷ ನಡೆಯಿತು.

ಟಿಫಿನ್ನೂ ಮೂರು ವರ್ಷ ನಿಂತಿತು. ಊರಿನವರೆಲ್ಲ ಸರದಿಯಲ್ಲಿ ಬಂದು ಬಿತ್ತು ಅಂದು ನೋಡಿದರು. ಕೆಲವು ವಸ್ತು ಹಟಮಾರಿ, ಏನೂ ಮಾಡಕ್ಕಾಗಲ್ಲ ಅಂತ ಕೊನೆಗೆ ಸುಮ್ಮನಾದರು. ಯಾರೂ ತಲೆ ಬಡಿಸಿಕೊಳ್ಳದಿರಲಿ ಅಂತ ಈ ವರ್ಷದ ಮಕ್ಕಳು ಅದಕ್ಕೊಂದು ಕೆಂಪು ರಿಬ್ಬನ್ ಕಟ್ಟಿದರು. ಟೀಚರ್ ಅದರ ಹಿಡಿಗೆ ಕ್ಯಾಲೆಂಡರನ್ನೂ ಡಸ್ಟರನ್ನೂ ನೇತುಹಾಕಿದರು. ತಪಾಸಣೆಗೆ ಬಂದ ಸಾಹೇಬರೊಬ್ಬರು ಕೊಡೆ ನೇತುಹಾಕಿ ಮರೆತುಹೋದರು, ಅದೂ ಅಲ್ಲೇ ಇತ್ತು.

ಇಂಥ ಶಾಲೆಗೆ ಜನವರಿಯಲ್ಲಿ ಯೋಗಾನಂದ ಸರ್ ಬಂದರು. ಹೊರ ಊರಿನವರು, ಸಂಪನ್ಮೂಲ ವ್ಯಕ್ತಿ. ಅಂದರೆ ಟೀಚರುಗಳಿಗೆ ಪಾಠ ಮಾಡುವ ಟೀಚರ್. ಊರಿನ ನಾಲ್ಕೂ ಶಾಲೆಗಳಿಂದ ಇಪ್ಪತ್ತಾರು ಜನ ಟೀಚರುಗಳು ನಾಲ್ಕನೇ ತರಗತಿಯ ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಟೀ ಕೊಡುವ ನೆಪದಲ್ಲಿ ನಾನೂ ಬಾಗಿಲಲ್ಲಿ ಕೂತೆ. ಸರ್ ಲಗುಬಗೆಯಿಂದ ಒಳಗೆ ಬಂದವರೇ ಟಿಫಿನ್ ಬಾಕ್ಸಿಗೆ ಹಣೆ ಬಡಿಸಿಕೊಂಡರು.

"ಏನ್ರಿ ಇದು?"

"ಹೆಡ್ ಮೇಷ್ಟ್ರ ಟಿಫಿನ್ನು ಸರ್," ಅಂದರು ಇಂದ್ರಾಣಿ ಟೀಚರ್.

"ಇಲ್ಲಿ ಯಾಕಿದೆ?"

"ಇನ್ನೂ ಬಿದ್ದಿಲ್ಲ ಸರ್."

ಸರ್ ಹಣೆ ಉಜ್ಜಿಕೊಳ್ಳುತ್ತಾ ಅದರ ಮೇಲೆ ಕೆಳಗೆ ಕೈಯಾಡಿಸಿದರು, ದಾರ ಇದೆಯೋ ಎಂದು ನೋಡಿದರು. ಆಮೇಲೆ ತಡವಾಗುತ್ತಿದೆ ಅಂದುಕೊಂಡು ಪಾಠ ಶುರುಮಾಡಿದರು. ಬೋರ್ಡಿನ ಮೇಲೆ ಮೂರು ಕಾಲಂ ಗೀಚಿದರು. ಮೊದಲನೇದು ಹೇಳಿಕೆ: ಏನಾಯಿತು, ಯಾತರಿಂದಾಯಿತು. ಎರಡನೇದು ಪುರಾವೆ: ಅದು ನಿಮಗೆ ಹೇಗೆ ಗೊತ್ತು, ನೋಡಿದ್ದೇನು, ಎಣಿಸಿದ್ದೇನು. ಮೂರನೇದು ಜೋಡಣೆ: ಆ ಪುರಾವೆಯಿಂದ ಈ ಹೇಳಿಕೆ ಹೇಗೆ ಬರುತ್ತದೆ. "ಮಕ್ಕಳು ವಿಜ್ಞಾನದ ಉತ್ತರವನ್ನ ಬಾಯಿಪಾಠ ಒಪ್ಪಿಸಬಾರದು. ಈ ಮೂರನ್ನೂ ತಮ್ಮ ಮಾತಲ್ಲಿ ಬರೀಬೇಕು. ಬರೆಯೋ ಹಾಗೆ ಮಾಡೋದು ಹೇಗೆ ಅಂತ ಕಲಿಸಕ್ಕೆ ನಾನು ಬಂದಿರೋದು," ಅಂದರು.

ಅವರು ತಂದಿದ್ದ ತರಬೇತಿ ಪುಸ್ತಕಕ್ಕೆ ಮಾಡ್ಯೂಲ್ ಅಂತ ಹೆಸರು, ಅದರಲ್ಲಿದ್ದ ಪ್ರಶ್ನೆ, ವಸ್ತುಗಳು ಏಕೆ ಕೆಳಗೆ ಬೀಳುತ್ತವೆ. ಇಪ್ಪತ್ತಾರು ಜನವೂ ಹತ್ತು ನಿಮಿಷದಲ್ಲಿ ಬರೆದುಕೊಟ್ಟರು. ಹೇಳಿಕೆ, ಗುರುತ್ವಾಕರ್ಷಣೆ. ಪುರಾವೆ, ಪಠ್ಯಪುಸ್ತಕ ಪುಟ ನಲವತ್ತೆರಡು. ಜೋಡಣೆ, ಮೇಲಿನಂತೆ. ಎಲ್ಲರ ಹಾಳೆಯಲ್ಲೂ ಒಂದೇ ಜಾಗದಲ್ಲಿ ಒಂದೇ ಕಾಗುಣಿತ ತಪ್ಪಿತ್ತು.

"ಪುಸ್ತಕದ ಪುಟ ಪುರಾವೆ ಅಲ್ಲ," ಅಂದರು ಸರ್. "ನೀವು ನೋಡಿದ್ದು ಬರೀರಿ."

ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರು, "ನೋಡಿದ್ದು ಬರೆದ್ರೆ ಮಾರ್ಕ್ಸ್ ಯಾರು ಕೊಡ್ತಾರೆ ಸರ್?"

ಸರ್ ನಗುತ್ತಾ ಪೆನ್ನು ಎತ್ತಿ ಏನೋ ಬರೆಯಲು ಹೋದರು, ಪೆನ್ನು ಜಾರಿತು, ಎದೆಯ ಮಟ್ಟದಲ್ಲಿ ನಿಂತಿತು. ಮರ್ಯಾದಸ್ಥರ ಊರು ನಮ್ಮದು. ಇಪ್ಪತ್ತಾರು ಜನವೂ ಎದ್ದು ನಿಂತು "ಬಿತ್ತು ಸರ್" ಅಂದರು. "ಎಲ್ಲಿ ಬಿತ್ತು? ಇಲ್ಲೇ ಇದೆಯಲ್ಲ," ಅಂದರು ಸರ್, ಬಿಳಿಚಿಕೊಂಡು. ಮತ್ತೆ ಅಂದರು. ಪೆನ್ನು ಕದಲಲಿಲ್ಲ. ಹೊರ ಊರಿನವರ ವಸ್ತು ಯಾವಾಗಲೂ ಸ್ವಲ್ಪ ಹಟ ಮಾಡುತ್ತದೆ, ನಮಗೆ ಗೊತ್ತಿದ್ದದ್ದೇ. ನಾಲ್ಕನೇ ಸಲಕ್ಕೆ ಸರ್ ಕುರ್ಚಿಯಲ್ಲಿ ಕುಸಿದು "ಹೂಂ, ಬಿತ್ತು, ಆಯ್ತು ಬಿಡಿ" ಅಂದರು. ಪೆನ್ನು ಟಣ್ಣೆಂದು ಬಿತ್ತು. ನಾನು ಅವರಿಗೆ ಎರಡು ಲೋಟ ನೀರು ಕೊಟ್ಟೆ.

ಅವರು ಒಳ್ಳೆಯ ಮನುಷ್ಯ ಅಂತ ನನಗೆ ಗೊತ್ತಾದದ್ದು ಅವರು ಹೊರಟ ದಿನ. ಮೂರನೆಯ ದಿನ ಹೊರಡುವಾಗ ಅವರು ಮಾಡ್ಯೂಲನ್ನು ಚೀಲಕ್ಕೆ ಹಾಕಿಕೊಂಡು ಹೇಳಿದರು, "ನಿಮ್ಮೂರಲ್ಲಿ ವಸ್ತು ಹೇಗೆ ಬೀಳುತ್ತೋ ಹಾಗೇ ಬರೆಸಿ. ಮೂರು ವಾರ ಬಿಟ್ಟು ಬರ್ತೀನಿ. ಪ್ರತಿ ತರಗತಿಯಿಂದ ಒಂದು ಹಾಳೆ, ಮಕ್ಕಳ ಸ್ವಂತ ಮಾತಲ್ಲಿ, ಹೆಡ್ ಮೇಷ್ಟ್ರ ಸಹಿ ಇರಬೇಕು. ಸಹಿ ಇಲ್ಲದ ಹಾಳೆ ನಾನು ತಗೊಳ್ಳೋ ಹಾಗಿಲ್ಲ, ಅಂಥ ಟೀಚರುಗಳಿಗೆ ಮೇ ತಿಂಗಳಲ್ಲಿ ಮತ್ತೆ ತರಬೇತಿ." ಮೇ ತರಬೇತಿ ಅಂದರೆ ಎಲ್ಲರಿಗೂ ಗೊತ್ತು. ದೂರದ ಊರಿನಲ್ಲಿ ತಗಡಿನ ಚಾವಣಿಯ ಒಂದು ಹಾಲ್, ಹನ್ನೆರಡು ದಿನ, ಒಂದೇ ಫ್ಯಾನು. ಆ ಫ್ಯಾನೂ ಪಾಠ ಮಾಡುವವರ ತಲೆಯ ಮೇಲೆ.

ಇಂದ್ರಾಣಿ ಟೀಚರ್ ಹತ್ತೊಂಬತ್ತು ವರ್ಷದಿಂದ ಪಾಠ ಮಾಡುವವರು, ಮಕ್ಕಳೆಂದರೆ ಪ್ರಾಣ. ಒಂದೇ ತೊಂದರೆ, ಪ್ರಶ್ನೆ ಕೇಳಿ ಅದೇ ಉಸಿರಿನಲ್ಲಿ ತಾವೇ ಉತ್ತರ ಹೇಳಿಬಿಡುತ್ತಿದ್ದರು. "ಎಲೆ ಯಾಕೆ ಹಸಿರು ಹೇಳಿ ಪತ್ರಹರಿತ್ತು ಇರೋದ್ರಿಂದ ಬರ್ಕೊಳ್ಳಿ." ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಪಾಠ ಮುಗಿದಿರುತ್ತಿತ್ತು. ತರಬೇತಿಯ ಮಾರನೇ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದು ಕೂತರು.

"ತಾಯಕ್ಕ, ನನ್ನ ಬಾಯಿ ನಿಲ್ಲಲ್ಲ. ಏನಾದ್ರೂ ಕೊಡು."

ಬೆಲ್ಲದ ಉಂಡೆ ಕೊಟ್ಟೆ. ಅದನ್ನು ದವಡೆಗಿಟ್ಟುಕೊಂಡು ಹೋದರು. ಹತ್ತು ನಿಮಿಷಕ್ಕೆ ಬೆಲ್ಲ ಕರಗಿತು, ಉತ್ತರ ಹೊರಬಂತು. ಮಧ್ಯಾಹ್ನ ಒಣಗಿಸಿದ ನೆಲ್ಲಿಕಾಯಿ ಕೊಟ್ಟೆ. ಅದು ಕರಗಲು ನಲವತ್ತು ನಿಮಿಷ ಬೇಕು, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ನಾಲ್ಕನೇ ತರಗತಿಯಲ್ಲಿ ಮೊಟ್ಟಮೊದಲ ಬಾರಿಗೆ ಒಂದು ಪ್ರಶ್ನೆ ಕೇಳಿದ ಮೇಲೆ ಸದ್ದಿಲ್ಲದ ಹೊತ್ತೊಂದು ಉಳಿಯಿತು. ಮಕ್ಕಳು ಹೆದರಿಬಿಟ್ಟವು. ಒಬ್ಬಳು ಓಡಿಬಂದು "ಅಕ್ಕ, ಮಿಸ್ಸಿಗೆ ಹುಷಾರಿಲ್ಲ" ಅಂದಳು.

ಮೊದಲ ಸಲ ಮಕ್ಕಳು ಬರೆದದ್ದು ಹೀಗಿತ್ತು. ಹೇಳಿಕೆ: ಬೇರೆಯವರು ಬಿತ್ತು ಅಂದಿದ್ದರಿಂದ ಬೀಳುತ್ತದೆ. ಪುರಾವೆ: ನಮ್ಮಜ್ಜಿ. ಜೋಡಣೆ: ಅಜ್ಜಿ ಸುಳ್ಳು ಹೇಳಲ್ಲ. ಟೀಚರ್ ನೆಲ್ಲಿಕಾಯಿಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿ, "ನೀವು ನೋಡಿದ್ದೇನು?" ಎಂದಷ್ಟೇ ಕೇಳಿದರು. ಯಾವತ್ತೂ ಯಾರೂ ನೋಡಿರಲಿಲ್ಲ. ನೀವು ಅನ್ನ ನುಂಗುವಾಗ ಗಂಟಲು ನೋಡಿಕೊಳ್ಳುತ್ತೀರಾ? ಹಾಗೆ.

ಸರಿ, ನೋಡೋಣ ಅಂತ ಹೊರಟರು. ಸೀಮೆಸುಣ್ಣ ಬಿಟ್ಟರು, ಬಿತ್ತು. ಬೇಕೆಂದೇ ಬಿಟ್ಟರೆ ಬೀಳದೆ ಇನ್ನೇನು? ಜಾರಿಸಬೇಕು ಅಂತ ನನ್ನ ಹತ್ತಿರ ಬಂದು ಅಂಗೈಗೆ ಎಣ್ಣೆ ಹಚ್ಚಿಸಿಕೊಂಡು ಹೋದರು. ಜಾರಲಿ ಅಂತ ಕಾದು ಜಾರಿಸಿದ್ದೂ ಬೇಕೆಂದೇ ಮಾಡಿದ್ದೇ ಆಯಿತು, ಅದೂ ತಟ್ಟನೆ ಬಿತ್ತು. ಇಷ್ಟಕ್ಕೆ ಉಳಿದದ್ದು ಎಣ್ಣೆಯ ಕೈ ಒರೆಸಿಕೊಂಡ ನಲವತ್ತು ಯೂನಿಫಾರ್ಮು. ತಾಯಂದಿರು ಬಂದು ಕೂಗಾಡಿದ್ದು ನನ್ನ ಮೇಲೆ.

ಆಗ ಜಬೀನಾ ಹೇಳಿದಳು. ಟೈಲರ್ ಅಜ್ಜನ ಮೊಮ್ಮಗಳು ಅವಳು, ಎರಡು ಜಡೆ, ಒಂದಕ್ಕೆ ಮಾತ್ರ ಯಾವಾಗಲೂ ರಿಬ್ಬನ್, ಇನ್ನೊಂದರದ್ದು ಟಿಫಿನ್ ಬಾಕ್ಸಿಗೆ ಕೊಟ್ಟಿದ್ದಳು. "ಮಿಸ್, ಜಾರೋದನ್ನ ನಾವು ಮಾಡಕ್ಕಾಗಲ್ಲ. ಕಾಯ್ಕೊಂಡಿರಬೇಕು. ಜಾರಿದಾಗ ಬರ್ಕೋಬೇಕು."

ಟೀಚರ್ ನೆಲ್ಲಿಕಾಯಿಯನ್ನು ನುಂಗಿಯೇಬಿಟ್ಟರು.

ಹೀಗೆ ಜಾರು ಪುಸ್ತಕ ಶುರುವಾಯಿತು. ನೂರು ಪುಟದ ಗೆರೆ ಪುಸ್ತಕ. ಯಾರ ಕೈ, ಏನು ಜಾರಿತು, ಬಿತ್ತು ಅಂದವರು ಯಾರು, ಅಂದಮೇಲೆ ಎಷ್ಟು ಎಣಿಸುವಷ್ಟರಲ್ಲಿ ಬಿತ್ತು, ಹೀಗೆ ನಾಲ್ಕು ಕಾಲಂ. ಮಕ್ಕಳು ಊರಿಗೆಲ್ಲ ಹರಡಿಕೊಂಡವು. ಬಸ್‌ಸ್ಟ್ಯಾಂಡಿನಲ್ಲಿ, ಹೂವಿನಂಗಡಿಯಲ್ಲಿ, ಬಚ್ಚಲಿನ ಬಾಗಿಲಲ್ಲಿ, ಪೆನ್ಸಿಲ್ ಹಿಡಿದು ಜನರ ಕೈಗಳನ್ನೇ ನೋಡುತ್ತಾ ನಿಂತವು. ನನ್ನ ಅಡುಗೆಮನೆಗೆ ಇಬ್ಬರು ಕಾಯಂ. "ಅಕ್ಕ, ಇವತ್ತು ಏನೂ ಜಾರಲಿಲ್ವಾ?" ಅಂತ ಆಸೆಯಿಂದ ಕೇಳುತ್ತಿದ್ದವು. ಹಾಗೆ ನೋಡುತ್ತಾ ಕೂತರೆ ಯಾರ ಕೈ ಜಾರುತ್ತದೆ? ನನ್ನ ಜನ್ಮದಲ್ಲೇ ಅಷ್ಟು ಗಟ್ಟಿಯಾಗಿ ನಾನು ಸೌಟು ಹಿಡಿದಿರಲಿಲ್ಲ. ಐದನೇ ದಿನ ಒಂದು ಬದನೆಕಾಯಿ ಜಾರಿತು. ಇಬ್ಬರೂ ಕುಣಿದರು. ಹತ್ತೊಂಬತ್ತನೇ ದಾಖಲೆ ಅದು: ತಾಯಕ್ಕ, ಬದನೆಕಾಯಿ, ಬಿತ್ತು ಅಂದವರು ನಾವಿಬ್ಬರೇ, ಎರಡು ಎಣಿಸುವಷ್ಟರಲ್ಲಿ.

ಎಣಿಕೆ ನೋಡಿ ಜಬೀನಾಳಿಗೆ ಚಡಪಡಿಕೆ ಶುರುವಾಯಿತು. ಬದನೆಕಾಯಿಗೆ ಎರಡು, ಹೂವಿನವಳ ಬುಟ್ಟಿಗೆ ಒಂದು, ಕಂಡಕ್ಟರ್ ಊದುವ ಸೀಟಿಗೆ ಏಳು. "ಬಿತ್ತು ಅನ್ನೋದ್ರಿಂದಾನೇ ಬೀಳೋದಾದ್ರೆ ಎಲ್ಲದಕ್ಕೂ ಒಂದೇ ಎಣಿಕೆ ಬರಬೇಕಲ್ವಾ ಮಿಸ್?" ಟೀಚರ್ ಬಾಯಲ್ಲಿ ಹೊಸ ನೆಲ್ಲಿಕಾಯಿ. ಗೊತ್ತಿಲ್ಲ ಎಂದು ತಲೆಯಾಡಿಸಿದರು. ಟೀಚರೊಬ್ಬರು ಮಕ್ಕಳೆದುರಿಗೆ ಗೊತ್ತಿಲ್ಲ ಎಂದು ತಲೆಯಾಡಿಸಿದ್ದನ್ನು ನಾನು ಅವತ್ತೇ ನೋಡಿದ್ದು. ಮಕ್ಕಳಿಗೆ ಅದರಿಂದ ಏನು ಸಂತೋಷವಾಯಿತು ಅಂತೀರಿ.

ಒಂದು ಭಾನುವಾರ ಜಬೀನಾಳ ಅಜ್ಜನ ಕತ್ತರಿ ಜಾರಿತು. ಅಜ್ಜನಿಗೆ ಎರಡೂ ಕಿವಿ ಕೇಳುವುದಿಲ್ಲ. ಹೊಲಿಗೆ ಯಂತ್ರದ ಮೇಲೆ ಬಗ್ಗಿ ತುಳಿಯುತ್ತಿದ್ದವರು ಕತ್ತರಿ ಜಾರಿದ್ದನ್ನೇ ಗಮನಿಸಲಿಲ್ಲ. ರಸ್ತೆಯಲ್ಲಿ ಹೋಗುವವರೆಲ್ಲ ಮರ್ಯಾದೆಗೆ "ಬಿತ್ತು ಅಜ್ಜ" ಅಂದು ಹೋದರು. ಅಜ್ಜ ತಲೆ ಎತ್ತಿದಾಗ ಕಂಡವರಿಗೆ ಸಲಾಂ ಎಂದು ಕೈ ಎತ್ತಿದರು. ಹದಿನಾಲ್ಕು ಜನ ಅಂದರು, ಕತ್ತರಿ ಅಲ್ಲೇ. ಕೊನೆಗೆ ಜಬೀನಾ ಅವರ ತೋಳು ಹಿಡಿದು ತಿರುಗಿಸಿ ತೋರಿಸಿದಳು. ಅಜ್ಜ ಕತ್ತರಿ ನೋಡಿದರು, ತಮ್ಮ ಖಾಲಿ ಕೈ ನೋಡಿಕೊಂಡರು, "ಹೂಂ" ಅಂದರು. ಕತ್ತರಿ ಬಿತ್ತು.

ಸೋಮವಾರ ಅವಳು ಪುಸ್ತಕಕ್ಕೆ ಐದನೇ ಕಾಲಂ ಹಾಕಿದಳು: ಜಾರಿಸಿದವರು ಹೂಂ ಅಂದರೋ. ಹಳೆಯ ದಾಖಲೆಗಳಿಗೆ ಆಗ ಪಕ್ಕದಲ್ಲಿ ನಿಂತಿದ್ದವರನ್ನು ಕೇಳಿ ಅದನ್ನು ತುಂಬಿದರು. ಆಮೇಲಿನ ಒಂದು ವಾರ ಮಕ್ಕಳು ಕೈಯ ಬದಲು ಬಾಯಿ ನೋಡಿದರು. ನೋಡಿದರೆ, ನಮ್ಮ ಊರಲ್ಲಿ ಎಲ್ಲರೂ ಅನ್ನುತ್ತಾರೆ. ಯಾರಾದರೂ ಬಿತ್ತು ಅಂದ ಕೂಡಲೇ ಜಾರಿಸಿದವರು "ಹೂಂ, ಬಿತ್ತು" ಅಥವಾ "ಹೂಂ ಕಣವ್ವ" ಅಥವಾ ಬರೀ "ಹೂಂ". ಅಂದದ್ದು ಅವರಿಗೇ ಗೊತ್ತಿರುವುದಿಲ್ಲ. ಹೂಂ ಬಂದ ಮೇಲೆಯೇ ವಸ್ತು ಬೀಳುತ್ತದೆ. ಕಂಡಕ್ಟರಿಗೆ ಏಳು ಎಣಿಸಿದ್ದು ಯಾಕೆಂದರೆ ಅವನು ಹೂಂ ಅನ್ನುವ ಮೊದಲು ಡ್ರೈವರ್ ಬ್ರೇಕ್ ಹಾಕಿದ್ದನ್ನು ಬೈದು ಮುಗಿಸಿದ್ದ.

ನನಗೆ ನಂಬಿಕೆ ಬರಲಿಲ್ಲ. ಅದೇ ವಾರ ಮನೆಯಲ್ಲಿ ಸಂಜೆ ನನ್ನ ಕೈಯಿಂದ ಪಾತ್ರೆಯ ಮುಚ್ಚಳ ಜಾರಿತು. ಅಭ್ಯಾಸಬಲದಿಂದ ಕಿಟಕಿಗೆ ಹೋದವಳು ನಿಂತೆ. ಸುತ್ತ ಯಾರೂ ಇರಲಿಲ್ಲ. ಮುಚ್ಚಳದ ಕಡೆ ತಿರುಗಿ, ಸ್ವಲ್ಪ ನಾಚಿಕೆಯಿಂದಲೇ, "ಹೂಂ, ನನ್ನ ಕೈಯಿಂದಲೇ ಜಾರಿತು" ಅಂದೆ. ಬಿತ್ತು. ಅದರ ಸದ್ದು ನಿಲ್ಲುವವರೆಗೂ ನಿಂತೇ ಇದ್ದೆ. ಐವತ್ತು ವರ್ಷದಿಂದ ಊರಿಗೆ ಊರೇ ಪಕ್ಕದವರನ್ನು ಕರೆಯುತ್ತಿತ್ತು, ಇಷ್ಟು ಮಾಡಿದ್ದರೆ ಸಾಕಿತ್ತೇ. ಮಾರನೇ ದಿನ ಬೆಳಿಗ್ಗೆ ನಂಜಿ ಬೇಲಿಯ ಹತ್ತಿರ ನಿಂತು ಮುಖ ಊದಿಸಿಕೊಂಡು ಕೇಳಿದಳು, "ನಿನ್ನೆ ಏನೋ ಬಿದ್ದ ಸದ್ದಾಯ್ತು. ಯಾರನ್ನ ಕರೆದಿದ್ದೆ?" ಯಾರನ್ನೂ ಇಲ್ಲ ಅಂದೆ. ನಂಬಲಿಲ್ಲ. ನನ್ನದು ಐವತ್ತೊಂಬತ್ತನೇ ದಾಖಲೆಯಾಯಿತು. ನಂಜಿ ಮಾತಾಡಲು ನಾಲ್ಕು ದಿನ ಬೇಕಾಯಿತು. ಈಗ ಏನಾದರೂ ಜಾರಿದರೆ ನಾನು ತುಟಿ ಬಿಗಿಹಿಡಿದು ಮೊದಲಿನ ಹಾಗೆ ಕಿಟಕಿಯಿಂದ ಅವಳನ್ನೇ ಕರೆಯುತ್ತೇನೆ, ಅದು ಬೇರೆ ವಿಷಯ.

ಅರವತ್ತನೇ ದಾಖಲೆ ತರಗತಿಯ ಒಳಗೇ ಇತ್ತು. ಹೆಡ್ ಮೇಷ್ಟ್ರು, ಟಿಫಿನ್ ಬಾಕ್ಸು, ಬಿತ್ತು ಅಂದವರು ಇಡೀ ಊರು, ಹೂಂ ಅಂದದ್ದು ಇಲ್ಲ, ಎಣಿಕೆ ಮೂರು ವರ್ಷ, ಇನ್ನೂ ಬಿದ್ದಿಲ್ಲ.

ಹಾಳೆ ಸಿದ್ಧವಾಯಿತು. ಮಕ್ಕಳೇ ಬರೆದದ್ದು, ನಾಲ್ಕು ಸಲ ಹರಿದು ಐದನೇ ಸಲ ಬರೆದದ್ದು. ನಾನು ಅದನ್ನು ಹಿಡಿದುಕೊಂಡು ಸಹಿಗೆ ಆಫೀಸಿಗೆ ಹೋದೆ. ಹಿಂದೆಯೇ ಟೀಚರ್ ಬಂದು ಬಾಗಿಲಲ್ಲಿ ನಿಂತರು. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಕೊನೆಯ ಪುರಾವೆಗೆ ಬಂದಾಗ ಅವರ ಕಿವಿ ಕೆಂಪಾದವು.

"ತಾಯಕ್ಕ, ನಾಲ್ಕನೇ ತರಗತಿ ಟೀಚರಿಗೆ ಹೇಳು. ಈ ಒಂದು ಸಾಲು ತೆಗೆದ್ರೆ ಈಗಲೇ ಸಹಿ ಹಾಕ್ತೀನಿ. ಐವತ್ತೊಂಬತ್ತು ಸಾಕಾಗಲ್ವಾ?"

ಒಂದು ಸಾಲು. ಮೇ ತಿಂಗಳ ಹನ್ನೆರಡು ದಿನ ತಗಡಿನ ಕೆಳಗೆ ಬೇಯುವುದು ತಪ್ಪುತ್ತದೆ. ನಾನಾಗಿದ್ದರೆ ಅಲ್ಲೇ ಗೀಚಿ ಹಾಕಿಬಿಡುತ್ತಿದ್ದೆ. ಟೀಚರ್ ಹಾಳೆ ತೆಗೆದುಕೊಂಡು ತರಗತಿಗೆ ಹೋಗಿ ಮಕ್ಕಳನ್ನು ಕೇಳಿದರು, "ಈ ಸಾಲು ತೆಗೆದ್ರೆ ಏನಾಗುತ್ತೆ?" ಬಾಯಲ್ಲಿ ನೆಲ್ಲಿಕಾಯಿ ಇರಲಿಲ್ಲ. ಆದರೂ ಕೇಳಿ ಸುಮ್ಮನೆ ನಿಂತರು.

ಮಕ್ಕಳು ಜಾರು ಪುಸ್ತಕವನ್ನು ಮೊದಲ ಪುಟದಿಂದ ತಿರುವಿ ನೋಡಿದವು. ಜಬೀನಾ ಎದ್ದು ನಿಂತಳು. "ಉಳಿದ ಐವತ್ತೊಂಬತ್ತೂ ಹೂಂ ಅಂದಿದ್ದು, ಬಿದ್ದಿದ್ದು ಮಿಸ್. ಹೂಂ ಅನ್ನದೆ ನಿಂತೇ ಇರೋದು ಇದೊಂದೇ. ಇದನ್ನ ತೆಗೆದ್ರೆ, ಹೂಂ ಇಲ್ಲದೇನೂ ಬೀಳ್ತಿತ್ತೇನೋ, ಯಾರಿಗೆ ಗೊತ್ತು ಅಂತ ಯಾರಾದ್ರೂ ಕೇಳಿದ್ರೆ ತೋರ್ಸಕ್ಕೆ ನಮ್ಮತ್ರ ಏನೂ ಇರಲ್ಲ."

ಟೀಚರ್ ನನ್ನ ಕಡೆ ತಿರುಗಿದರು. "ತಾಯಕ್ಕ, ಹೆಡ್ ಮೇಷ್ಟ್ರಿಗೆ ಹೇಳು. ಸಾಲು ಇರುತ್ತೆ." ಆಮೇಲೆ ಮೆಲ್ಲಗೆ, "ಮೇ ತಿಂಗಳಿಗೆ ಒಂದು ಕೈಬೀಸಣಿಗೆ ನೋಡಿಡು" ಅಂದರು.

ಯೋಗಾನಂದ ಸರ್ ಬಂದ ದಿನ ಬಾಗಿಲಲ್ಲೇ ತಲೆ ಬಗ್ಗಿಸಿ ಒಳಗೆ ಬಂದರು, ಅಷ್ಟು ಕಲಿತಿದ್ದರು. ಉಳಿದ ತರಗತಿಗಳ ಹಾಳೆಗಳನ್ನು ನೋಡಿ ಮುಗಿಸಿ ನಾಲ್ಕನೇ ತರಗತಿಯದ್ದನ್ನು ನಿಂತುಕೊಂಡೇ ಓದಿದರು. ಎರಡು ಸಲ ಓದಿದರು. ಮೇಷ್ಟ್ರು ಕೈಕಟ್ಟಿಕೊಂಡು ನಿಂತಿದ್ದರು.

"ಚೆನ್ನಾಗಿದೆ. ಸಹಿ ಇಲ್ಲವಲ್ಲ ಸರ್?"

"ತಪ್ಪು ಉತ್ತರಕ್ಕೆ ನಾನು ಹೇಗೆ ಸಹಿ ಹಾಕಲಿ?" ಅಂದರು ಮೇಷ್ಟ್ರು. "ನಾನು ಹೂಂ ಅಂದಿಲ್ಲ ಅಂತ ಅದು ನಿಂತಿದೆಯಂತೆ. ಸ್ಟೀಲಲ್ವಾ, ಗಾಳಿಗೆ ಕಚ್ಚಿಕೊಂಡಿರಬಹುದು. ಏನು ಬೇಕಾದರೂ ಇರಬಹುದು."

"ಹೌದು, ಬೇರೆ ಕಾರಣವೂ ಇರಬಹುದು," ಅಂದರು ಸರ್. ಮಕ್ಕಳ ಕಡೆ ತಿರುಗಿದರು. "ಏನು ಮಾಡ್ತೀರಿ?"

"ಮಾಡಿ ನೋಡಬಹುದು ಸರ್," ಅಂದಳು ಜಬೀನಾ. "ಹೆಡ್ ಮೇಷ್ಟ್ರು ಒಂದ್ಸಲ ಹೂಂ ಅಂದ್ರೆ ಸಾಕು."

ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದರು. ಮಕ್ಕಳನ್ನು ದೂರ ಸರಿಸಿದರು. ಟಿಫಿನ್ ಬಾಕ್ಸಿನ ಮುಖ ನೋಡಿ ಗಂಟಲು ಸರಿಮಾಡಿಕೊಂಡು, "ಪ್ರಯೋಗಕ್ಕೋಸ್ಕರ ಮಾತ್ರ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, "ಹೂಂ" ಅಂದರು.

ಬೀಳಲಿಲ್ಲ. ಕ್ಯಾಲೆಂಡರಿನ ಹಾಳೆ ಕೂಡ ಅಲ್ಲಾಡಲಿಲ್ಲ.

"ನೋಡಿದ್ರಾ?" ಅಂದರು ಮೇಷ್ಟ್ರು. "ಮೂರು ವಾರ ದಂಡ."

ಇಂದ್ರಾಣಿ ಟೀಚರ್ ಮುಖ ನೋಡಲಾಗದೆ ನಾನು ಕೈಯಲ್ಲಿದ್ದ ಟೀ ತಟ್ಟೆ ನೋಡಿದೆ. ಪೆನ್ಸಿಲಿನ ಪರಪರ ಸದ್ದು ಮಾತ್ರ ಬರುತ್ತಿತ್ತು. ಜಬೀನಾ ಜಾರು ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಏನೋ ಬರೆಯುತ್ತ ಕೂತಿದ್ದಳು. ಎರಡು ಹನಿ ಕಣ್ಣೀರು ಪುಟದ ಮೇಲೆ ಬಿದ್ದಿತ್ತು. ಅದನ್ನು ಒರೆಸಿ ಪಕ್ಕದಲ್ಲಿ ಬರೆಯುತ್ತಿದ್ದಳು.

"ಏನಮ್ಮ ಬರೀತಿದ್ದೀಯ?" ಎಂದು ಮೇಷ್ಟ್ರು ಬಗ್ಗಿದರು.

"ನೀವು ಹೂಂ ಅಂದ್ರಿ, ಬೀಳಲಿಲ್ಲ ಅಂತ ಸರ್."

"ಅದನ್ನ ಬರೆದ್ರೆ ನಿಮ್ಮ ಹಾಳೆಯೇ ತಪ್ಪಾಗುತ್ತಲ್ಲ."

"ಹೌದು ಸರ್. ಆದ್ರೆ ಆಯ್ತಲ್ಲ, ಎಲ್ಲಾರೂ ನೋಡಿದ್ವಲ್ಲ. ಬರೀಬೇಕು."

ಮೇಷ್ಟ್ರು ನೆಟ್ಟಗಾಗಲಿಲ್ಲ. ಬಗ್ಗಿದವರು ಹಾಗೇ ಇದ್ದರು, ಪುಸ್ತಕದ ಪುಟ ತಿರುಗಿಸಿದರು, ಹಿಂದಿನ ಪುಟ ನೋಡಿದರು. ಬದನೆಕಾಯಿ, ಬುಟ್ಟಿ, ಸೀಟಿ, ಕತ್ತರಿ. ಊರಿನ ಕೈಗಳೆಲ್ಲ ಅಲ್ಲಿದ್ದವು, ಒಂದರ ಕೆಳಗೊಂದು. ಊರಿನವರು ಐವತ್ತೊಂಬತ್ತು ಸಲ ಹೂಂ ಅಂದಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಅವರು ಮೆಲ್ಲಗೆ ಕೆಮ್ಮಿದರು.

"ಈಗ ಅಂದ ಹೂಂ ಲೆಕ್ಕಕ್ಕಿಲ್ಲ ಅಂತ ಬರ್ಕೋ," ಅಂದರು. "ಅದು ಬಾಯಿಮಾತಿನ ಹೂಂ."

ಆಮೇಲೆ ತಿರುಗಿದರು. ನನ್ನ ಕಡೆಗಲ್ಲ. ನಾನು ಅಭ್ಯಾಸದಿಂದ ಒಂದು ಹೆಜ್ಜೆ ಮುಂದಿಟ್ಟಿದ್ದೆ, ಅವರು ನನ್ನನ್ನು ದಾಟಿ ನೋಡಿದರು.

"ಟೀಚರ್," ಅಂದರು. "ಅವತ್ತು ನೀವು ಬೋರ್ಡೇ ಒರೆಸ್ತಿದ್ರಿ. ಬಾಗಿಲು ಮೊದಲೇ ತೆಗೆದಿತ್ತು. ನನ್ನ ಕೈ ಬೆವತಿತ್ತು, ಅಷ್ಟೇ. ಹೂಂ."

ಟಿಫಿನ್ ಬಾಕ್ಸು, ಕ್ಯಾಲೆಂಡರು, ಡಸ್ಟರು, ಸಾಹೇಬರ ಕೊಡೆ, ಜಬೀನಾಳ ರಿಬ್ಬನ್ನು ಎಲ್ಲ ಒಟ್ಟಿಗೆ ಧಡ್ ಎಂದು ಬಿದ್ದವು. ಕೊಡೆ ಬಿದ್ದ ರಭಸಕ್ಕೆ ತೆರೆದುಕೊಂಡಿತು. ಟಿಫಿನ್ನಿನ ಮುಚ್ಚಳ ಉರುಳಿಕೊಂಡು ಹೋಗಿ ಯೋಗಾನಂದ ಸರ್ ಕಾಲ ಬುಡದಲ್ಲಿ ಸುತ್ತಿ ಸುತ್ತಿ ಮಲಗಿತು. ಒಳಗೆ ಅವರೆಕಾಳಿನ ಉಪ್ಪಿಟ್ಟು, ಮೂರು ವರ್ಷದ ಹಿಂದಿನ ಸೋಮವಾರದ್ದು, ಹಬೆಯಾಡುತ್ತಿತ್ತು.

ಮೇಷ್ಟ್ರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ತುತ್ತು ತಿಂದರು.

"ಉಪ್ಪು ಕಡಿಮೆ," ಅಂದರು. ಮತ್ತೊಂದು ತುತ್ತು ತಿಂದರು. "ಟೀಚರ್, ತಗೊಳ್ಳಿ. ನಿಮಗೂ ಬರಬೇಕಾದ್ದೇ."

ಇಂದ್ರಾಣಿ ಟೀಚರ್ ಪಕ್ಕದಲ್ಲಿ ಕೂತು ತಿಂದರು. ಉಪ್ಪು ಸರಿಯಾಗಿದೆ ಅಂದರು. ಮೂರು ವರ್ಷದ ಮೇಲೆ ಅವರು ಮೇಷ್ಟ್ರಿಗೆ ಆಡಿದ ಮೊದಲ ನೇರ ಮಾತು ಅದೇ, ಮೊದಲ ಭಿನ್ನಾಭಿಪ್ರಾಯವೂ ಅದೇ. ಯೋಗಾನಂದ ಸರ್ ಒಂದು ಕಾಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿಯುತ್ತಾ ನಿಂತಿದ್ದರು. ಮಾಡ್ಯೂಲಿನಲ್ಲಿ ಇದಕ್ಕೆ ಯಾವ ಪುಟವೂ ಇರಲಿಲ್ಲ.

ಕೈತೊಳೆದು ಬಂದು ಮೇಷ್ಟ್ರು ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಜೇಬಿನಿಂದ ಪೆನ್ನು ತೆಗೆದರು, ಮುಚ್ಚಳ ಬಿಚ್ಚಿದರು. ಕೈ ಇನ್ನೂ ಒದ್ದೆಯಿತ್ತು. ಪೆನ್ನು ಜಾರಿತು, ಹಾಳೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು.

ನಲವತ್ತು ಮಕ್ಕಳು, ಇಂದ್ರಾಣಿ ಟೀಚರ್, ಯೋಗಾನಂದ ಸರ್, ನಾನು. ಎಲ್ಲರ ನಾಲಿಗೆ ತುದಿಯಲ್ಲೂ ಬಿತ್ತು ಇತ್ತು. ಟೀಚರ್ ತುಟಿ ಕಚ್ಚಿಕೊಂಡರು. ಯಾರೂ ಅನ್ನಲಿಲ್ಲ. ನಾನು ಎರಡು ಎಣಿಸಿದೆ, ಮೂರು ಎಣಿಸಿದೆ.

"ಹೂಂ," ಅಂದರು ಮೇಷ್ಟ್ರು. "ನನ್ನ ಕೈಯೇ."

ಪೆನ್ನು ಬಿತ್ತು. ಜಬೀನಾ ಆಗಲೇ ಪುಸ್ತಕ ಬಿಚ್ಚಿದ್ದಳು. ಅರವತ್ತೊಂದು, ಹೆಡ್ ಮೇಷ್ಟ್ರು, ಪೆನ್ನು. ಬಿತ್ತು ಅಂದವರು ಯಾರು ಎಂಬ ಕಾಲಂನಲ್ಲಿ ಸ್ಕೇಲು ಇಟ್ಟು ಒಂದು ಗೀಟು ಎಳೆದಳು.